ಆ ವಿಡಿಯೊ ನಮ್ಮ ಸಿಡಿಬಂಡಿಯದಲ್ಲ

ಬೆನ್ನಿನ ಚರ್ಮಕ್ಕೆ ಕೊಕ್ಕೆ ಚುಚ್ಚಿಕೊಂಡು ಒಬ್ಬ ಗಾಳಿಯಲ್ಲಿ ತೂಗಾಡುವ ವಿಡಿಯೊ ಬಳ್ಳಾರಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ‘ಕನಕದುರ್ಗಮ್ಮನ ಸಿಡಿಬಂಡಿ, ಒಂದು ಹನಿ ರಕ್ತ ಇಲ್ಲ’ ಅಂತ ಬೇರೆ ಬರೆದಿದ್ದಾರೆ. ತಪ್ಪು. ಸಿಡಿಬಂಡಿ ಅಂದರೆ ಇಲ್ಲಿನ ಕನಕದುರ್ಗಮ್ಮನ ಜಾತ್ರೆಯಲ್ಲಿ ಎಳೆಯುವ ಬಂಡಿ. ಆದರೆ ವಿಡಿಯೊದಲ್ಲಿ ನೋಡಿ: ಮೇಲೆ ಸ್ಟೇಜ್ ಲೈಟು, ಎದುರಿಗೆ ವಿದೇಶಿ ಜಡ್ಜುಗಳು, ಮೂಲೆಯಲ್ಲಿ ಚಾನೆಲ್ ಗುರುತು. ಜಾತ್ರೆಗೆ ಜಡ್ಜುಗಳು ಯಾಕೆ ಬರುತ್ತಾರೆ, ಅಲ್ವಾ?

ಸಿಡಿ ಆಡುವಾಗ, ಅಂದರೆ ಹರಕೆಗೆ ಕಂಬದಿಂದ ತೂಗಾಡುವಾಗ, ಬೆನ್ನಿಗೆ ಕೊಕ್ಕೆ ಹಾಕುತ್ತಿದ್ದುದು ನಿಜ, ಆದರೆ ಹಳೇ ಕಾಲದಲ್ಲಿ. ಬ್ರಿಟಿಷರು 19ನೇ ಶತಮಾನದಲ್ಲೇ ಅದನ್ನು ತಡೆಯಲು ಹೊರಟಿದ್ದರು. ಈಗ ಬಂಡಿ ಗುಡಿ ಸುತ್ತ ಹೋಗುತ್ತದೆ, ಯಾರ ಚರ್ಮಕ್ಕೂ ಕೊಕ್ಕೆ ಇಲ್ಲ.

‘ಹಾಗಾದ್ರೆ ಸುಮ್ನೆ ಗ್ರಾಫಿಕ್ಸ್’ ಅನ್ನುತ್ತೀರಾ? ಅದೂ ಅಲ್ಲ. ಇದನ್ನು ಬಾಡಿ ಸಸ್ಪೆನ್ಶನ್ ಅಂತಾರೆ. ಸ್ಟೆಲಾರ್ಕ್ ಎಂಬ ಆಸ್ಟ್ರೇಲಿಯಾದ ಕಲಾವಿದ 1976ರಿಂದ 1988ರವರೆಗೆ ಸುಮಾರು 25 ಸಲ ಹೀಗೆ ತೂಗಾಡಿದ್ದ. ನಮ್ಮ ಚರ್ಮ ನಾವು ಅಂದುಕೊಂಡಿದ್ದಕ್ಕಿಂತ ಗಟ್ಟಿ. ಕೊಕ್ಕೆ ಜಾಸ್ತಿ ಇದ್ದಷ್ಟೂ ಒಂದೊಂದರ ಮೇಲೆ ಬೀಳುವ ಭಾರ ಕಡಿಮೆ. ಆದರೆ ರಕ್ತ ಬರುತ್ತದೆ, ನೋವೂ ಆಗುತ್ತದೆ. ಚರ್ಮದ ಅಡಿ ಗಾಳಿ ಸೇರಿಕೊಳ್ಳುತ್ತದೆ. ಇಳಿದ ಮೇಲೆ ಅದನ್ನು ಒತ್ತಿ ಒತ್ತಿ ಹೊರಗೆ ತೆಗೆಯಬೇಕು. ಆ ಭಾಗ ವಿಡಿಯೊದಲ್ಲಿ ಇಲ್ಲ.