ಬಂದ ವಿಷಯವನ್ನು ಕೇಳುವ ಊರು

ಘಾನಾ ದೇಶದ ಅಕ್ವಾಪಿಮ್ ಬೆಟ್ಟಸಾಲಿನಲ್ಲಿರುವ ಅಕ್ರೊಪಾಂಗ್‌ಗೆ ನಾವಿಬ್ಬರು, ಗಂಡ ಹೆಂಡತಿ, ಕ್ರೈಸ್ತ ಸಭೆಯ ಸೇವೆಗೆಂದು ಬಂದ ಹೊಸತರಲ್ಲಿ ಸಭೆಯ ಹಿರಿಯರೊಬ್ಬರ ಮನೆಗೆ ಹೋಗಿದ್ದೆವು. ಅವರು ನಮ್ಮನ್ನು ಕುಳ್ಳಿರಿಸಿ, ನೀರು ಕೊಟ್ಟು, ಮನೆಮಂದಿಯೆಲ್ಲ ಸಾಲಾಗಿ ಬಂದು ಕೈಕುಲುಕಿದ ಮೇಲೆ, "ಇಲ್ಲಿ ಎಲ್ಲವೂ ಸಮಾಧಾನ, ದಾರಿ ನಡೆದು ಬಂದವರು ನೀವು, ಬಂದ ವಿಷಯ ತಿಳಿಸಿ" ಎಂದರು. ನನ್ನ ಹೆಂಡತಿಯ ಮುಖ ಬಾಡಿತು. ಮನೆಗೆ ಬಂದವರನ್ನು "ಏನು ಬಂದದ್ದು?" ಎಂದು ಕೇಳಿದರೆ ಎದ್ದು ಹೋಗಿ ಎಂದು ಹೇಳಿದಂತೆಯೇ ಎಂಬ ತಿಳಿವಳಿಕೆಯಲ್ಲಿ ಬೆಳೆದವರು ನಾವು.

ಇಲ್ಲಿಯ ಅಕಾನ್ ಜನರಲ್ಲಿ ಈ ಪ್ರಶ್ನೆ ಸತ್ಕಾರದ್ದೇ ಭಾಗವೆಂಬುದು ನಮಗೆ ಆಮೇಲೆ ತಿಳಿಯಿತು. ನೀರು ಕೊಡುವ ಮೊದಲು ಕೇಳುವುದು ಒರಟುತನ, ನೀರು ಕೊಟ್ಟ ಮೇಲೂ ಕೇಳದೆ ಇರುವುದು ಅಸಡ್ಡೆ. ಹೇಳಿಕೊಳ್ಳುವಂಥದ್ದು ಏನೂ ಇಲ್ಲದಿದ್ದರೆ, ಕೆಟ್ಟ ಸುದ್ದಿಯೇನೂ ಇಲ್ಲ, ನಿಮ್ಮನ್ನು ಕಂಡು ಹೋಗೋಣವೆಂದು ಬಂದೆವು ಎಂದು ಹೇಳಿದರಾಯಿತು. ಅಲ್ಲಿಂದ ಮುಂದೆ ಹರಟೆಗೆ ತಡೆಯಿಲ್ಲ.

ಈ ಊರಿಗೂ ನಮ್ಮ ಕರಾವಳಿಯ ಸಭೆಗಳಿಗೂ ಹಳೆಯ ನಂಟಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಆಗ ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಈ ನಾಡಿಗೆ 1828ರಲ್ಲಿ ಬಂದಿಳಿದು, 1835ರಲ್ಲಿ ಅಕ್ರೊಪಾಂಗ್‌ಗೆ ಹತ್ತಿದರು. ಮಂಗಳೂರಿಗೆ ಅವರು ಬಂದದ್ದು 1834ರಲ್ಲಿ. ನಮಗೆ 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಅವರನ್ನು ಕಳುಹಿಸಿದ ಮಿಷನ್ನೇ, ಇಲ್ಲಿಯವರ ಟ್ವಿ ಭಾಷೆಗೆ 1871ರಲ್ಲಿ ಇಡೀ ಬೈಬಲನ್ನು ತಂದ ಕ್ರಿಸ್ಟಾಲರ್ ಅವರನ್ನು ಇಲ್ಲಿಗೆ ಕಳುಹಿಸಿತ್ತು. ಆದರೂ ಮನೆ ಬಾಗಿಲಿಗೆ ಬಂದವರನ್ನು ಹೇಗೆ ಮಾತನಾಡಿಸಬೇಕೆಂಬುದನ್ನು ಎರಡೂ ಕಡೆಯವರು ಮಿಷನ್ನಿನಿಂದ ಕಲಿತಿಲ್ಲ. ಅದು ಅವರವರ ಹಿರಿಯರಿಂದ ಬಂದದ್ದು. ಆದುದರಿಂದಲೇ ನಾನು ಈ ಒಂದು ವಿಷಯದಲ್ಲಿ ನಮ್ಮವರನ್ನು ದೂರುತ್ತಿದ್ದೇನೆ.

ನಮ್ಮೂರಿನಲ್ಲಿ ನಾನು ಸಭಾಪಾಲಕನಾಗಿದ್ದಾಗ ಮನೆಗೆ ಬಂದವರಲ್ಲಿ ಹೆಚ್ಚಿನವರು "ಸುಮ್ಮನೆ ಹೀಗೇ ಬಂದೆ ಅಯ್ಯನವರೇ" ಎಂದೇ ಕುಳಿತುಕೊಳ್ಳುತ್ತಿದ್ದರು. ಮಳೆ, ಅಡಿಕೆಯ ಧಾರಣೆ, ಯಾರದೋ ಮದುವೆ ಎಲ್ಲ ಮುಗಿದು, ಕಾಫಿ ಕುಡಿದು, ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದ ಮೇಲೆ, "ಒಂದು ಮಾತು ಹೇಳುವುದಿತ್ತು" ಎಂದು ಮಗನ ಶುಲ್ಕದ ವಿಷಯವನ್ನೋ ಮಗಳ ಸಂಸಾರದ ವಿಷಯವನ್ನೋ ಎತ್ತುತ್ತಿದ್ದರು. ಅಷ್ಟಾದರೂ ಹೇಳಿದವರ ಪಾಡು ಒಳ್ಳೆಯದು. ಒಬ್ಬ ತಾಯಿ ಅಂಗಳದವರೆಗೂ ಹೋಗಿ, ಗೇಟು ಹಿಡಿದು ಸ್ವಲ್ಪ ಹೊತ್ತು ನಿಂತು, "ಬರುತ್ತೇನೆ ಅಮ್ಮನವರೇ" ಎಂದಷ್ಟೇ ನನ್ನ ಹೆಂಡತಿಗೆ ಹೇಳಿ ಹೊರಟುಹೋದರು. ಮಗಳನ್ನು ಗಂಡನ ಮನೆಯವರು ಹೊರಹಾಕಿದ್ದರು ಎಂಬುದು ನಮಗೆ ಬೇರೆಯವರ ಬಾಯಿಂದ ಬಂತು. ಆಕೆಯನ್ನು ಯಾರೂ ಕೇಳಿರಲಿಲ್ಲ, ಕೇಳದೆ ಹೇಳಿಕೊಳ್ಳುವುದು ಆಕೆಗೆ ಮರ್ಯಾದೆಯ ಪ್ರಶ್ನೆಯಾಗಿತ್ತು.

ಇಲ್ಲಿ ಅಕ್ರೊಪಾಂಗ್‌ನಲ್ಲಿ ಗಂಭೀರವಾದ ವಿಷಯವಿದ್ದವರು ನಸುಕಿನಲ್ಲೇ ಬರುತ್ತಾರೆ. ಹಾಗೆ ಬಂದ ಒಬ್ಬ ಬಡಗಿ, ನೀರು ಕುಡಿದು ಲೋಟ ಕೆಳಗಿಟ್ಟು, ನಾನು ಕೇಳಿದ ಕೂಡಲೇ, ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಕರೆದೊಯ್ಯಲು ವಾಹನವಿಲ್ಲ ಎಂದು ತಲೆ ತಗ್ಗಿಸದೆ ಹೇಳಿದ. ಅದು ಯಾಚನೆಯಂತೆ ಕೇಳಿಸಲಿಲ್ಲ, ಏಕೆಂದರೆ ಪ್ರಶ್ನೆ ನನ್ನದಾಗಿತ್ತು, ಅವನು ಉತ್ತರ ಕೊಟ್ಟಿದ್ದ. ಕಷ್ಟದ ಮಾತನ್ನು ಮೊದಲು ಎತ್ತುವ ಭಾರವನ್ನು ಆತಿಥೇಯನೇ ಹೊತ್ತುಕೊಳ್ಳುವ ಈ ಪದ್ಧತಿ ಎಷ್ಟು ಕರುಣೆಯದ್ದು ಎಂದು ಅಂದು ನನಗೆ ಮನವರಿಕೆಯಾಯಿತು. ನಮ್ಮ ಮನೆಗಳಲ್ಲಿ ಉಪಚಾರಕ್ಕೆ ಎಂದೂ ಕೊರತೆಯಾಗಿಲ್ಲ, ಆದರೆ ಆ ಉಪಚಾರದ ನಡುವೆಯೇ ಎಷ್ಟೋ ಜನ ತಮ್ಮ ಸಂಕಟವನ್ನು ಬಂದಂತೆಯೇ ಹೊತ್ತು ಹಿಂದಿರುಗಿದ್ದಾರೆ.

ನನ್ನ ಹೆಂಡತಿ ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ, ಅವಳ ಮಾತನ್ನು ತಳ್ಳಿಹಾಕಲು ನನಗೆ ಆಗುವುದೂ ಇಲ್ಲ. ಇಲ್ಲಿಯ ಪ್ರಶ್ನೋತ್ತರ ನಡೆಯುವುದು ಎಲ್ಲರೆದುರು. ಮನೆಯವರು, ಜೊತೆಗೆ ಬಂದವರು, ಮಕ್ಕಳು ಎಲ್ಲ ಇರುತ್ತಾರೆ. ಸಭೆಯ ಒಬ್ಬ ತರುಣಿ, ನಾನು ಕ್ರಮಬದ್ಧವಾಗಿ ಕೇಳಿದಾಗ, ಕೆಟ್ಟ ಸುದ್ದಿಯೇನೂ ಇಲ್ಲವೆಂದೇ ಉತ್ತರಿಸಿದಳು. ಅತಿಥಿಯನ್ನು ಸ್ವಲ್ಪ ದೂರ ನಡೆದು ಕಳುಹಿಸಿ ಬರುವ ಇಲ್ಲಿಯ ರೂಢಿಯಂತೆ ನನ್ನ ಹೆಂಡತಿ ಅವಳೊಡನೆ ರಸ್ತೆಯವರೆಗೆ ಹೋದಾಗ, ಗಂಡನ ಕುಡಿತದ ವಿಷಯವೂ ಮೈಮೇಲಿನ ಪೆಟ್ಟುಗಳ ವಿಷಯವೂ ಅಲ್ಲಿ ಹೊರಬಂದವು. ನಮ್ಮೂರಿನ ಅಂಗಳದ ಮಾತೂ ಇದೇ ತಾನೇ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಮಳೆ ಬೆಳೆಯ ಮಾತಿನಲ್ಲಿ ಕಳೆದ ಆ ಒಂದು ಗಂಟೆ ವ್ಯರ್ಥವಲ್ಲ, ಇವರಿಗೆ ಹೇಳಬಹುದೋ ಹೇಳಬಾರದೋ ಎಂದು ಬಂದವರು ನಮ್ಮನ್ನು ಅಳೆಯುವ ಸಮಯ ಅದು ಎನ್ನುತ್ತಾಳೆ. ಇರಬಹುದು. ಆದರೆ ಆ ತಾಯಿ ಗೇಟಿನವರೆಗೆ ಬಂದು ನಿಂತಾಗ ನಮ್ಮಲ್ಲಿ ಯಾರಾದರೊಬ್ಬರು ಅವರೊಡನೆ ರಸ್ತೆಗೆ ಇಳಿದು, ಬಂದ ವಿಷಯವೇನೆಂದು ಕೇಳಬಹುದಾಗಿತ್ತು ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.