ಓನ್ಲಿ ಎಂಬ ಬೇಲಿ

ಆಡಿದ ಮಾತಿನ ಬಿಗಿಯನ್ನು ಸಡಿಲಿಸುವ ಇಲ್ಲವೇ ಹೆಚ್ಚಿಸುವ ಪದಗಳನ್ನು ಭಾಷಾಶಾಸ್ತ್ರಜ್ಞರು ‘ಹೆಜ್’ ಅನ್ನುತ್ತಾರೆ. ಅಮೆರಿಕದ ಭಾಷಾಶಾಸ್ತ್ರಜ್ಞ ಜಾರ್ಜ್ ಲೇಕಾಫ್ 1972ರ ಲೇಖನವೊಂದರಿಂದ ಈ ಹೆಸರನ್ನು ಚಾಲ್ತಿಗೆ ತಂದರು. ಹೆಜ್ ಅಂದರೆ ಗಿಡ ನೆಟ್ಟು ಬೆಳೆಸಿದ ಬೇಲಿ. ಒಂದಡಿ ಆಚೀಚೆ ಆದರೂ ಜಗಳ ಖಾತ್ರಿ, ಹಾಗಾಗಿ ಹೆಸರು ಚೆನ್ನಾಗಿಯೇ ಹೊಂದುತ್ತದೆ.

ಇಂಗ್ಲಿಷಿನಲ್ಲಿ ಮಾತಿಗೆ ಗಡಿ ಹಾಕುವ ಪದಗಳೆಲ್ಲ ಶಾಸ್ತ್ರದ ಲೆಕ್ಕದಲ್ಲಿ ಹೆಜ್ ಅಲ್ಲ, ಆದರೂ ಅವುಗಳಲ್ಲಿ ಅತಿ ಹೆಚ್ಚು ಜಗಳ ತರುವುದು ‘ಓನ್ಲಿ’. ನಮ್ಮ ‘ಮಾತ್ರ’, ‘ಅಷ್ಟೇ’, ಕೊನೆಯ ‘ಏ’ ಎಲ್ಲ ಪದದ ಬಾಲ ಹಿಡಿದು ಬರುತ್ತವೆ. ಓನ್ಲಿ ಸಾಮಾನ್ಯವಾಗಿ ಪದದ ಮುಂದೆ ನಿಲ್ಲುತ್ತದೆ. ‘ಓನ್ಲಿ ಐ ಚೆಕ್ಡ್ ದ ಬಿಲ್’ ಅಂದರೆ ನೋಡಿದವಳು ನಾನೊಬ್ಬಳೇ. ‘ಐ ಓನ್ಲಿ ಚೆಕ್ಡ್ ದ ಬಿಲ್’ ಅಂದರೆ ನೋಡಿದೆ ಅಷ್ಟೇ, ದುಡ್ಡು ಕಟ್ಟಲಿಲ್ಲ. ‘ಐ ಚೆಕ್ಡ್ ಓನ್ಲಿ ದ ಬಿಲ್’ ಅಂದರೆ ಬಿಲ್ಲನ್ನಷ್ಟೇ ನೋಡಿದೆ, ಸಾಮಾನಿನ ಕಡೆ ಕಣ್ಣೇ ಹಾಯಿಸಲಿಲ್ಲ. ಬಾಯಲ್ಲಿ ಹೇಳುವಾಗ ಒತ್ತಕ್ಷರವಲ್ಲದ ಒತ್ತು ಕಾಪಾಡುತ್ತದೆ, ಇಮೇಲಿಗೆ ದನಿಯಿಲ್ಲ. ಇನ್ನು ‘ನಿನ್ನೆಯೇ ಬಂದೆ’ ಎಂಬುದನ್ನು ‘ಐ ಕೇಮ್ ಯೆಸ್ಟರ್‌ಡೇ ಓನ್ಲಿ’ ಎಂದು ಬರೆದರೆ, ನಮ್ಮ ‘ಏ’ ತಿಳಿಯದವರು ಉಳಿದ ದಿನಗಳ ಗೈರುಹಾಜರಿ ಲೆಕ್ಕ ಹಾಕುತ್ತಾರೆ.

ಪುಟ್ಟ ‘ಎ’ ಕೂಡ ಕಡಿಮೆಯೇನಲ್ಲ. ‘ಎ ಫ್ಯೂ ಡೌಟ್ಸ್’ ಅಂದರೆ ಒಂದಷ್ಟು ಅನುಮಾನ. ಬರೀ ‘ಫ್ಯೂ ಡೌಟ್ಸ್’ ಅಂದರೆ ಹೆಚ್ಚೇನೂ ಇಲ್ಲ ಎಂದರ್ಥ. ಪಾಠ ಮುಗಿದ ಮೇಲೆ ‘ಐ ಹ್ಯಾವ್ ಫ್ಯೂ ಡೌಟ್ಸ್’ ಅಂದರೆ ಮೇಷ್ಟ್ರು ಖುಷಿಯಿಂದ ಪುಸ್ತಕ ಮಡಚಬಹುದು.

‘ಆಲ್ ಫೈಲ್ಸ್ ಆರ್ ನಾಟ್ ಡಿಲೀಟೆಡ್’ ಎಂಬುದಕ್ಕೆ ಒಬ್ಬರು ನೆಮ್ಮದಿಯ ಉಸಿರು ಬಿಡುತ್ತಾರೆ, ಇನ್ನೊಬ್ಬರು ಯಾವುವು ಹೋದವು ಎಂದು ಹುಡುಕುತ್ತಾರೆ. ಕೆಲವು ಉಳಿದಿದ್ದರೆ ‘ನಾಟ್ ಆಲ್’ ಅನ್ನಿ, ಒಂದೂ ಅಳಿಯದಿದ್ದರೆ ‘ನನ್’. (ಕನ್ನಡದ ‘ಎಲ್ಲ ಫೈಲೂ ಅಳಿಸಿಲ್ಲ’ ಕೂಡ ಅಷ್ಟೇ ಎಡವಟ್ಟು, ಬಿಡಿ.)

‘ಆಸ್ ಫಾರ್ ಆಸ್ ಐ ನೋ’ ನಮಗೆ ತಿಳಿದಷ್ಟಕ್ಕೆ ಹಾಕುವ ಗಡಿ. ‘ಆಸ್ ಫಾರ್ ಆಸ್ ಐ ಆಮ್ ಕನ್ಸರ್ನ್ಡ್’ ನಮ್ಮ ಅಭಿಪ್ರಾಯದ್ದು. ಎರಡನೆಯದನ್ನು ಹಚ್ಚಿ ‘ರೈಲು 6 ಗಂಟೆಗೆ’ ಅನ್ನಬಾರದು. ರೈಲು ಯಾರ ಅಭಿಪ್ರಾಯವನ್ನೂ ಕೇಳಿ ಹೊರಡುವುದಿಲ್ಲ.

‘ಕ್ವೈಟ್ ಗುಡ್’ ಎಂಬ ಹೊಗಳಿಕೆ ಬಂದರೆ ಹೇಳಿದವರು ಎಲ್ಲಿಯವರೆಂದು ನೋಡಿಕೊಳ್ಳಿ. ಅಮೆರಿಕದವರಾದರೆ ಹಿಗ್ಗಬಹುದು. ಬ್ರಿಟನ್ನಿನವರಾದರೆ ಅದು ಹಲವು ಸಲ ‘ಪರವಾಗಿಲ್ಲ’ದಷ್ಟೇ. ಅದೇ ‘ಕ್ವೈಟ್ ಇಂಪಾಸಿಬಲ್’ ಅಂದರೆ ಇಬ್ಬರ ಬಾಯಲ್ಲೂ ಸುತರಾಂ ಆಗದು.

ಇಷ್ಟಕ್ಕೆಲ್ಲ ಹೆದರಿ ‘ಐ ಥಿಂಕ್ ಇಟ್ ಮೇ ಪ್ರಾಬಬ್ಲಿ ಬಿ ಪಾಸಿಬಲ್’ ಎಂದು ನಾಲ್ಕು ಸುತ್ತು ಬಿಗಿದರೆ ಬೇಲಿಯೇ ಎದ್ದು ಹೊಲ ಮೇಯುತ್ತದೆ. ಒಂದು ‘ಮೇ’ ಸಾಕು.

ಎದುರಿನವರ ಮಾತನ್ನು ಖಂಡಿಸುವ ಮುನ್ನ ಹೇಳುವ ‘ವಿತ್ ಆಲ್ ಡ್ಯೂ ರೆಸ್ಪೆಕ್ಟ್’ ಮಾತ್ರ ಬೇಲಿಯ ವೇಷ ತೊಟ್ಟ ಗೇಟು. ರೆಸ್ಪೆಕ್ಟ್ ಎಂಬುದು ಕಿವಿಗೆ ಬಿದ್ದದ್ದೇ ತಡ, ಎದುರಿನವರು ನಾಯಿ ಬಿಟ್ಟರೆಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.