ಮೊದಲು ಮುನೀಮರನ್ನು ಕೇಳಿ

ಹೊಸ ಪ್ರಾಜೆಕ್ಟ್ ಅಂದ ಕೂಡಲೇ ಆಫೀಸಿನಲ್ಲಿ ಎಲ್ಲರ ಕೈ ತುರಿಸುತ್ತದೆ. ಶುರು ಮಾಡಿಬಿಡೋಣ, ಮಾಡ್ತಾ ಮಾಡ್ತಾ ನೋಡ್ಕೊಂಡ್ರಾಯ್ತು ಅಂತ. ಕೂತು ಯೋಚಿಸುವವನು ಸೋಮಾರಿ ಹಾಗೆ ಕಾಣುತ್ತಾನೆ, ಓಡಾಡುವವನಿಗೆ ಶಹಬ್ಬಾಸ್‌ಗಿರಿ. ನನಗಿದು ಯಾವಾಗಲೂ ತಮಾಷೆ ಅನಿಸುತ್ತದೆ, ಯಾಕಂದ್ರೆ ಮೊದಲ ವಾರ ಎರಡು ಗಂಟೆ ಕೂತು ಮಾತಾಡೋಕೆ ಪುರುಸೊತ್ತಿಲ್ಲ ಅಂದವರೇ ಕೊನೆಯ ತಿಂಗಳು ರಾತ್ರಿಯೆಲ್ಲ ಕೂತಿರುತ್ತಾರೆ.

ನಾನು ಇರೋದು ಕಲಬುರಗಿಯಲ್ಲಿ, ದಾಲ್ ಮಿಲ್‌ಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಆಫೀಸಿನಲ್ಲಿ. ತೊಗರಿಯ ಊರು ಇದು, 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದೇ ಅನ್ನೋ ಸರ್ಕಾರಿ ಗುರುತು, ಕೂಡ ಸಿಕ್ಕಿದೆ, ಹಾಗಾಗಿ ನಮ್ಮ ಗಿರಾಕಿಗಳೆಲ್ಲ ಹೆಚ್ಚುಕಮ್ಮಿ ಇದೇ ದಂಧೆಯವರು. ಮಾಲಕರು ಕರೆದು ಹೇಳೋದು ಒಂದೇ ಮಾತು: "ನಮ್ಮ ಗೋದಾಮಿನ ಲೆಕ್ಕ ಕಂಪ್ಯೂಟರ್‌ದಾಗ ಹಾಕ್ರಿ, ಅಷ್ಟೇ." ಚಹಾ ಬರುತ್ತದೆ. ನಮ್ಮ ಹುಡುಗ ಲ್ಯಾಪ್‌ಟಾಪ್ ತೆಗೆದು ಕೆಲಸ ಯಾವಾಗ ಶುರು, ಯಾವಾಗ ಮುಗಿಯೋದು ಅಂತ ಪಟ್ಟೆ ಎಳೆದ ಬಣ್ಣಬಣ್ಣದ ಗ್ಯಾಂಟ್ ಚಾರ್ಟ್ ತೋರಿಸುತ್ತಾನೆ. ಎಲ್ಲರೂ ತಲೆ ಆಡಿಸುತ್ತಾರೆ. ಚಾರ್ಟ್ ಚೆಂದವೇ, ಆದ್ರೆ ಅದರಲ್ಲಿ ಎಷ್ಟು ದಿನ ಅಂತ ಇರುತ್ತದೆ, ಮಾಡಬೇಕಾದ್ದು ಏನು ಅಂತ ಇರಲ್ಲ.

ಒಂದು ಮಿಲ್ಲಿನಲ್ಲಿ ಹೀಗೆ ತಲೆ ಆಡಿಸೋದು ನಡೆದಿತ್ತು. ಕೆಂಪು ಬಟ್ಟೆಯ ಖಾತೆ ಪುಸ್ತಕ ತೊಡೆ ಮೇಲೆ ಇಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ, ಮಿಲ್ಲಿನ ಲೆಕ್ಕ ಬರೆಯುವ ಮುನೀಮರು ಮೆಲ್ಲಗೆ ಕೇಳಿದರು: "ಸರ, ಒಂದು ಕ್ವಿಂಟಲ್ ತೊಗರಿ ಹಾಕಿದ್ರ ಒಂದು ಕ್ವಿಂಟಲ್ ಬ್ಯಾಳಿ ಬರಂಗಿಲ್ಲ. ನಿಮ್ಮ ಕಂಪ್ಯೂಟರಿಗೆ ಇದು ಗೊತ್ತದೇನ್ರಿ?"

ಬರುವುದು ಸುಮಾರು 70-75 ಕಿಲೋ. ಉಳಿದದ್ದು ಹೊಟ್ಟು, ನುಚ್ಚು, ಪುಡಿ. ಅದೂ ಸುಮ್ನೆ ಹೋಗಲ್ಲ, ದನದ ಮೇವಿಗೆ ಮಾರಾಟವಾಗುತ್ತದೆ. ಕಾಳಿಗೆ ಎಣ್ಣೆ ಹಚ್ಚಿ, ನೀರು ಕೊಟ್ಟು, ಬಿಸಿಲಿಗೆ ಹರವುವ ಹೊತ್ತಿಗೆ ತೂಕ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಮೋಡ ಮುಚ್ಚಿದರೆ ಒಣಗೋಕೆ ಜಾಸ್ತಿ ದಿನ ಬೇಕು, ಅಷ್ಟೂ ದಿನ ಆ ಮಾಲು ಅತ್ತ ತೊಗರಿಯೂ ಅಲ್ಲ ಇತ್ತ ಬೇಳೆಯೂ ಅಲ್ಲ, ಅದನ್ನು ಯಾವ ಹೆಸರಲ್ಲಿ ಬರೆಯೋದು? ಅಡತ (ದಲ್ಲಾಳಿ) ಅಂಗಡಿಯಿಂದ ಬಂದ ಮಾಲಿನಲ್ಲಿ ಗೋಣಿಯ ತೂಕ ಕಳೆಯೋದು ಯಾರು? ಮುನೀಮರು ಒಂದೊಂದಾಗಿ ಕೇಳುತ್ತಾ ಹೋದರು, ನಮ್ಮ ಹುಡುಗ ಲ್ಯಾಪ್‌ಟಾಪ್ ಮುಚ್ಚಿ ಪೆನ್ನು ಹುಡುಕಿದ. ಇದರಲ್ಲಿ ಅರ್ಧ ಮಾಲಕರಿಗೂ ಗೊತ್ತಿರಲಿಲ್ಲ ಅಂತ ನನ್ನ ಗುಮಾನಿ.

ತಾರೀಖು ಹಾಕೋದಾದರೂ ಗಂಜ್‌ನಲ್ಲಿ, ಅಂದ್ರೆ ಕಾಳಿನ ಮಾರುಕಟ್ಟೆಯಲ್ಲಿ, ಕೇಳಿಯೇ ಹಾಕಬೇಕು. ಜನವರಿ ಒಂದಕ್ಕೆ ಶುರು ಮಾಡಿದರೆ ಚೆಂದ ಅಂತ ಫ್ಯಾನ್ ಕೆಳಗೆ ಕೂತವರಿಗೆ ಅನಿಸುತ್ತದೆ. ಹೊಸ ತೊಗರಿ ಬರೋದೇ ಡಿಸೆಂಬರ್ ಕೊನೆಗೆ, ಜನವರಿಗೆ. ಆಗ ನೆಹರು ಗಂಜ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ, ಹಮಾಲರಿಗೆ ಊಟಕ್ಕೂ ಬಿಡುವಿಲ್ಲ, ಅಂಥಾದ್ರಲ್ಲಿ ಮುನೀಮರು ಹೊಸ ಪಾಸ್‌ವರ್ಡ್ ಬಾಯಿಪಾಠ ಮಾಡಬೇಕಂತೆ!

ಇದೇನು ನಮ್ಮ ಕಡೆಯವರ ಕಾಯಿಲೆ ಮಾತ್ರ ಅಲ್ಲ. ಸಿಡ್ನಿಯ ಒಪೆರಾ ಹೌಸ್ ಕಟ್ಟೋಕೆ 1959ರಲ್ಲಿ ಶುರು ಮಾಡಿದಾಗ ಮೇಲಿನ ಛಾವಣಿ ನಿಲ್ಲಿಸೋದು ಹೇಗೆ ಅಂತ ತೀರ್ಮಾನವೇ ಆಗಿರಲಿಲ್ಲ. ಆಮೇಲೆ ನೋಡಿದರೆ ಕೆಳಗಿನ ಕಂಬಗಳಿಗೆ ಆ ಭಾರ ಹೊರುವ ತಾಕತ್ತಿರಲಿಲ್ಲ, ಮತ್ತೆ ಕಟ್ಟಿದರು. 1963ಕ್ಕೆ ಮುಗಿಯಬೇಕಿದ್ದದ್ದು 1973ಕ್ಕೆ ಮುಗಿಯಿತು, 70 ಲಕ್ಷ ಆಸ್ಟ್ರೇಲಿಯನ್ ಡಾಲರಿನ ಅಂದಾಜು 10 ಕೋಟಿ 20 ಲಕ್ಷಕ್ಕೆ ಹೋಯಿತು. ಹಿಂದಿನ ಕೆಲಸಗಳೆಲ್ಲ ತಡವಾಗಿದ್ದರೂ ಈ ಸಲ ಮಾತ್ರ ಬೇಗ ಮುಗಿಯುತ್ತದೆ ಅಂತ ನಂಬುವ ಈ ಚಟವನ್ನು ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲೇ ಗುರುತಿಸಿ ಹೆಸರಿಟ್ಟರು. ಒಪೆರಾ ಹೌಸ್ ಕೊನೆಗೆ ಚೆಂದ ಆಯ್ತು, ಜನ ತಡವನ್ನು ಮರೆತರು. ಗೋದಾಮಿನ ಲೆಕ್ಕದ ಮುಂದೆ ನಿಂತು ಯಾರೂ ಫೋಟೋ ತೆಗೆಸಿಕೊಳ್ಳಲ್ಲ, ಅಲ್ವಾ?

ಆ ಮಿಲ್ಲಿನ ಕೆಲಸಕ್ಕೆ ಕೊನೆಗೆ ಒಂದೇ ಹಾಳೆ ಬರೆದೆವು. ಒಂದು ಲಾಟ್ ತೊಗರಿ ಒಳಗೆ ಬಂದು, ಬೇಳೆ, ಹೊಟ್ಟು, ನುಚ್ಚು ಆಗಿ ಹೊರಗೆ ಹೋಗುವ ತನಕ ಕಂಪ್ಯೂಟರಿನ ಲೆಕ್ಕ ಮುನೀಮರ ಖಾತೆಗೆ ತಾಳೆ ಆಗಬೇಕು. ಆಯ್ತು ಅಂತ ಹೇಳುವವರು ಮುನೀಮರು, ಮಾಲಕರಲ್ಲ. ಅದರ ಕೆಳಗೆ ಏನೇನು ಮಾಡಲ್ಲ ಅನ್ನೋದು: ಹಮಾಲಿ ಲೆಕ್ಕ ಈ ಸಲ ಇಲ್ಲ, ಹಳೇ ವರ್ಷಗಳ ಖಾತೆ ಇಲ್ಲ, ಮೊಬೈಲ್ ಆ್ಯಪ್ ಇಲ್ಲ. ನನ್ನ ಕೇಳಿದರೆ ಇಡೀ ಹಾಳೆಯಲ್ಲಿ ಬೆಲೆ ಇರೋದು ಇದಕ್ಕೇ. ಬರೆಯುವಾಗ ಯಾರಿಗೂ ಖುಷಿ ಆಗಲ್ಲ, ಸ್ವಲ್ಪ ಜಗಳವೂ ಆಗುತ್ತದೆ. ಆಗಲಿ ಬಿಡಿ, ಆ ಹೊತ್ತಿಗೆ ಒಂದು ಚಹಾದಲ್ಲಿ ಮುಗಿಯುವ ಜಗಳ ಅದು, ಸೀಸನ್ನಿನಲ್ಲಿ ಆದರೆ ಲಾರಿ ಗೇಟಲ್ಲೇ ನಿಲ್ಲುತ್ತದೆ.

ಮಾಲಕರು ಓದಿದರು, ಸಹಿ ಹಾಕಿದರು. ಪೆನ್ನಿಗೆ ಮುಚ್ಚಳ ಹಾಕುತ್ತಾ, "ಎಲ್ಲಾ ಛಲೋ ಆಯ್ತ್ರಿ. ಮೊಬೈಲ್‌ದಾಗೂ ಕಾಣ್ತದಲ್ರಿ?" ಅಂದರು.

ನಾನು ಬಾಯಿ ತೆಗೆಯೋದರೊಳಗೆ ಮುನೀಮರೇ ಹೇಳಿದರು: "ಸಾವ್ಕಾರ್ರ, ಕೊನಿ ಸಾಲು ಓದ್ರಿ."